ಕಥೆಗಾಗಿ ಗೇಮ್ ಆಡುವವರಿಗೆ: ವಿಚರ್ 3, ಡಿಸ್ಕೊ ಎಲಿಸಿಯಂ, ಬಾಲ್ಡರ್ಸ್ ಗೇಟ್ 3

"ಕಥೆ ಚೆನ್ನಾಗಿರೋ ಆರ್‌ಪಿಜಿ ಯಾವುದು?" ಅಂತ ಯಾರನ್ನೇ ಕೇಳಿ, ಈ ಮೂರು ಹೆಸರು ಬಂದೇ ಬರುತ್ತವೆ. ಆರ್‌ಪಿಜಿ ಅಂದರೆ ನಾವೇ ಒಂದು ಪಾತ್ರವಾಗಿ ಕಥೆಯೊಳಗೆ ನಡೆಯುವ ಗೇಮ್. ಪೋಲೆಂಡಿನ ದಿ ವಿಚರ್ 3 ಬಂದದ್ದು 2015ರಲ್ಲಿ. ಎಸ್ಟೋನಿಯಾದ ಗೆಳೆಯರ ಗುಂಪೊಂದು ಶುರು ಮಾಡಿದ ಡಿಸ್ಕೊ ಎಲಿಸಿಯಂ 2019ರಲ್ಲಿ. ಬೆಲ್ಜಿಯಂನ ಬಾಲ್ಡರ್ಸ್ ಗೇಟ್ 3 ಪೂರ್ತಿಯಾಗಿ ಬಿಡುಗಡೆಯಾದದ್ದು 2023ರಲ್ಲಿ. ಮೂರನ್ನೂ ಕೊನೆಯವರೆಗೆ ಆಡಿದ್ದೇನೆ. ಮೂರೂ ಇಷ್ಟ, ಮೂರರ ಮೇಲೂ ತಕರಾರಿದೆ.

ಗ್ರಾಫಿಕ್ಸ್ ಹೇಗಿದೆ, ಮ್ಯಾಪ್ ಎಷ್ಟು ದೊಡ್ಡದು, ಎಷ್ಟು ಗಂಟೆ ಆಡಬಹುದು ಅನ್ನೋದನ್ನೆಲ್ಲ ಇಲ್ಲಿ ಬರೆಯುತ್ತಿಲ್ಲ. ಒಂದೇ ಪ್ರಶ್ನೆ ಹಿಡಿದು ಮೂರನ್ನೂ ನೋಡಿದ್ದೇನೆ. ನಾವೊಂದು ನಿರ್ಧಾರ ಮಾಡಿದ ಮೇಲೆ ಆಟ ಅದನ್ನು ಏನು ಮಾಡುತ್ತದೆ? ನಮ್ಮ ಹೆಗಲಿಗೇ ಕಟ್ಟುತ್ತದಾ, ಮರೆತುಬಿಡುತ್ತದಾ, ಇಲ್ಲ ಅದನ್ನು ಅಳಿಸಿಹಾಕಲು ನಮಗೇ ಬಿಟ್ಟುಕೊಡುತ್ತದಾ? ಕಥೆ ಮನಸ್ಸಿನಲ್ಲಿ ಉಳಿಯೋದೂ ಉಳಿಯದಿರೋದೂ ಇದರ ಮೇಲೇ ನಿಂತಿದೆ ಅನ್ನೋದು ನನ್ನ ನಂಬಿಕೆ. ಹೇಳದೆ ವಿಧಿಯಿಲ್ಲದ ಕಡೆ ಕಥೆಯ ಗುಟ್ಟು ಬಿಟ್ಟುಕೊಟ್ಟಿದ್ದೇನೆ, ಆಡದವರು ನೋಡಿಕೊಂಡು ಮುಂದುವರಿಯಿರಿ.

ವಿಚರ್ 3ರಲ್ಲಿ ನಾವು ಗೆರಾಲ್ಟ್. ಹಣ ತಗೊಂಡು ದೆವ್ವ, ರಾಕ್ಷಸರನ್ನು ಕೊಲ್ಲುವುದು ಅವನ ಕಸುಬು. ಮಗಳಂತೆ ಬೆಳೆಸಿದ ಸಿರಿಯನ್ನು ಹುಡುಕುತ್ತಾ ವೆಲೆನ್ ಎಂಬ ಸೀಮೆಗೆ ಬರುತ್ತಾನೆ. ಯುದ್ಧ ಹಾದುಹೋದ ಜಾಗ ಅದು. ಮರಗಳಲ್ಲಿ ಹೆಣ ತೂಗುತ್ತಿರುತ್ತವೆ, ಊರುಗಳಲ್ಲಿ ಹೊಟ್ಟೆಗಿಲ್ಲದ ಜನ. ಅಲ್ಲಿನ ಒಡೆಯನನ್ನು ಎಲ್ಲರೂ ಬ್ಲಡಿ ಬ್ಯಾರನ್ ಅನ್ನುತ್ತಾರೆ. ಕಾಣೆಯಾದ ತನ್ನ ಹೆಂಡತಿಯನ್ನೂ ಮಗಳನ್ನೂ ಹುಡುಕಿಕೊಟ್ಟರೆ ಮಾತ್ರ ಸಿರಿಯ ಸುದ್ದಿ ಹೇಳುತ್ತೇನೆ ಎಂದು ಅವನು ಪಟ್ಟು ಹಿಡಿಯುತ್ತಾನೆ.

ಮನೆಯೊಳಗೆ ಹುಡುಕುತ್ತಾ ಹೋದರೆ ಹೊಡೆದಾಟದ ಗುರುತುಗಳು ಸಿಗುತ್ತವೆ. ಯಾರೂ ಅವರನ್ನು ಹೊತ್ತೊಯ್ದಿಲ್ಲ, ಅವನ ಹೊಡೆತ ತಾಳಲಾರದೆ ಅವರೇ ಓಡಿಹೋಗಿದ್ದಾರೆ. ಕುಡಿದು ಹೆಂಡತಿಗೆ ಹೊಡೆದಿದ್ದಾನೆ, ಹೊಟ್ಟೆಯಲ್ಲಿದ್ದ ಮಗು ಹೋಗಿದೆ. ಆ ಕೂಸನ್ನು ಹೆಸರೂ ಇಡದೆ, ಸಂಸ್ಕಾರವೂ ಮಾಡದೆ ಹೂತಿದ್ದಕ್ಕೆ ಅದು ಬಾಚ್‌ಲಿಂಗ್ ಎಂಬ ಪಿಶಾಚಿಯಾಗಿ ಎದ್ದಿದೆ. ಅದನ್ನು ಕೊಲ್ಲಲೂಬಹುದು. ಇಲ್ಲವೇ ಬ್ಯಾರನ್ ಅದನ್ನು ತನ್ನ ಕೈಯಲ್ಲೇ ಎತ್ತಿಕೊಂಡು ಮನೆಯ ಹೊಸಿಲಿನವರೆಗೆ ನಡೆದು, ಹೆಸರಿಟ್ಟು, ಅಲ್ಲೇ ಹೂಳಬೇಕು. ನಾನು ಎರಡನೆಯದನ್ನು ಆರಿಸಿಕೊಂಡೆ. ಕತ್ತಲಲ್ಲಿ ಆ ದಡೂತಿ ಮನುಷ್ಯ ತಾನೇ ಕಳೆದುಕೊಂಡ ಕೂಸನ್ನು ಎದೆಗೆ ಅವಚಿಕೊಂಡು ನಡೆಯುತ್ತಾನೆ. ಅದು ಮಧ್ಯೆ ಮಧ್ಯೆ ಮಿಸುಕಾಡುತ್ತದೆ. ನಾವು ಮಂತ್ರ ಹಾಕಿ ಅದನ್ನು ಸಮಾಧಾನ ಮಾಡುತ್ತಾ, ಅಡ್ಡ ಬರುವ ಪ್ರೇತಗಳನ್ನು ಹೊಡೆಯುತ್ತಾ ಪಕ್ಕದಲ್ಲೇ ಹೋಗಬೇಕು. ಅವನು ಮಾಡಿದ್ದನ್ನು ಕ್ಷಮಿಸುವಂತಿಲ್ಲ. ಆದರೂ ಆ ನಡಿಗೆ ಮುಗಿಯುವ ಹೊತ್ತಿಗೆ ಅವನ ಮುಖ ನೋಡಲು ಆಗಲಿಲ್ಲ.

ಕಷ್ಟದ ನಿರ್ಧಾರ ಬರೋದು ಇದಾದ ಮೇಲೆ. ಬೆಟ್ಟದ ಮರವೊಂದರ ಬೇರಿನಲ್ಲಿ ಬಂದಿಯಾಗಿರುವ ಒಂದು ಆತ್ಮ, ತನ್ನನ್ನು ಬಿಡಿಸಿದರೆ ಜೌಗುಕಾಡಿನ ಅನಾಥ ಮಕ್ಕಳನ್ನು ಉಳಿಸುತ್ತೇನೆ ಅನ್ನುತ್ತದೆ. ಬಿಡಿಸಿದರೆ ಮಕ್ಕಳು ಬದುಕುತ್ತಾರೆ. ಆದರೆ ಒಂದು ಊರೇ ನಾಶವಾಗುತ್ತದೆ, ಬ್ಯಾರನ್‌ನ ಹೆಂಡತಿ ಸಾಯುತ್ತಾಳೆ, ಅವನು ನೇಣು ಹಾಕಿಕೊಳ್ಳುತ್ತಾನೆ. ಕೊಂದರೆ ಮಕ್ಕಳಿಲ್ಲ. ಇದಾವುದೂ ಆ ಕ್ಷಣದಲ್ಲಿ ಗೊತ್ತಾಗುವುದಿಲ್ಲ. ಎಷ್ಟೋ ಹೊತ್ತಾದ ಮೇಲೆ, ಬೇರೆ ಯಾವುದೋ ಕೆಲಸದ ನಡುವೆ ಪರಿಣಾಮ ಎದುರಾಗುತ್ತದೆ. ಅಷ್ಟರಲ್ಲಿ ಹಳೆಯ ಸೇವ್ (ಆಟವನ್ನು ಉಳಿಸಿಟ್ಟ ಜಾಗ) ಬಹಳ ಹಿಂದೆ ಉಳಿದಿರುತ್ತದೆ, ವಾಪಸ್ ಹೋಗೋದು ಯಾರಿಗೂ ಬೇಡ. ತಡಮಾಡಿ ಬಿಲ್ ಕೊಡುವ ಈ ಉಪಾಯಕ್ಕೆ ನಾನು ಪೂರ್ತಿ ಸೋತಿದ್ದೇನೆ.

ಸಿರಿಯ ಕೊನೆಯೂ ಹೀಗೇ. ಅವಳು ಮನಸೋತು ಕೂತಾಗ ಕುಡಿಯಲು ಕರೆಯುವುದಾ, ಹಿಮದುಂಡೆ ಎರಚಿ ನಗಿಸುವುದಾ? ಸಿಟ್ಟಿನಲ್ಲಿ ಒಬ್ಬರ ಪ್ರಯೋಗಶಾಲೆ ಒಡೆಯಲು ಹೊರಟಾಗ ತಡೆಯುವುದಾ, ಒಡಿ ಅನ್ನುವುದಾ? ಅವಳು ಬದುಕುತ್ತಾಳಾ ಸಾಯುತ್ತಾಳಾ ಅನ್ನುವುದನ್ನು ಇಂಥ ನಾಲ್ಕಾರು ಸಣ್ಣ ಮಾತುಗಳು ತೀರ್ಮಾನಿಸುತ್ತವೆ. ಮಗಳನ್ನು ಕಾಪಾಡಲು ಹೋದಷ್ಟೂ ಅವಳು ಕೈತಪ್ಪುತ್ತಾಳೆ, ನಂಬಿ ಬಿಟ್ಟರೆ ಉಳಿಯುತ್ತಾಳೆ. ಅಪ್ಪ ಅಮ್ಮಂದಿರು ಕೂತು ಮಾತಾಡಬೇಕಾದ ವಿಷಯವನ್ನು ಒಂದು ಗೇಮ್ ಒಂದೂ ಉಪದೇಶವಿಲ್ಲದೆ ಮುಟ್ಟಿಸಿದೆ ಅನ್ನೋದು ದೊಡ್ಡ ಮಾತು.

ಆದರೆ ಈ ಕಥೆಗಳ ನಡುವೆ ಆಡುವ ಭಾಗ ಇದೆಯಲ್ಲ, ಅದು ಅಷ್ಟಕ್ಕಷ್ಟೇ. ಪತ್ತೆದಾರಿ ಕೆಲಸ ಎಂದರೆ ವಿಚರ್ ಸೆನ್ಸ್ ಒತ್ತಿ ಹಿಡಿದು, ಕೆಂಪಾಗಿ ಹೊಳೆಯುವ ಗುರುತುಗಳ ಹಿಂದೆ ನಡೆಯುವುದು. ತಲೆ ಓಡಿಸುವುದು ಗೆರಾಲ್ಟ್, ನಾವು ಬಟನ್ ಒತ್ತುತ್ತೇವೆ. ಕಾದಾಟ ಮೊದಮೊದಲು ಮಜಾ ಕೊಡುತ್ತದೆ. ಆಮೇಲೆ ಕ್ವೆನ್ ಗುರಾಣಿ ಹಾಕು, ಪಕ್ಕಕ್ಕೆ ಸರಿ, ಎರಡೇಟು ಹೊಡೆ, ಮತ್ತೆ ಸರಿ, ಅಷ್ಟೇ. ಸ್ಕೆಲಿಗೆ ದ್ವೀಪಗಳ ಸುತ್ತ ಸಮುದ್ರದ ತುಂಬ ಪ್ರಶ್ನಾರ್ಥಕ ಚಿಹ್ನೆಗಳು. ಹೆಚ್ಚಿನವುಗಳಲ್ಲಿ ಕಳ್ಳಸಾಗಣೆಯವರು ಬಿಟ್ಟ ಪೀಪಾಯಿಗಳು ಬಿಟ್ಟರೆ ಬೇರೇನಿಲ್ಲ, ಅವನ್ನು ಸುಮ್ನೆ ಬಿಟ್ಟುಬಿಡಿ. ನೋವಿಗ್ರಾಡ್ ನಗರದಲ್ಲಿ ಕವಿ ಡ್ಯಾಂಡೆಲಿಯನ್‌ನನ್ನು ಹುಡುಕುವ ಭಾಗ ಜಾಸ್ತಿಯೇ ಎಳೆದಿದೆ.

ಇದಕ್ಕೆ ಪೂರ್ತಿ ಉಲ್ಟಾ ಡಿಸ್ಕೊ ಎಲಿಸಿಯಂ. ಕಾದಾಟವೇ ಇಲ್ಲ. ಹತ್ತು ಲಕ್ಷಕ್ಕೂ ಹೆಚ್ಚು ಪದಗಳಿವೆ, ಓದಬೇಕು. ರೆವಾಶೋಲ್ ನಗರದ ಮಾರ್ಟಿನೇಸ್ ಎಂಬ ಬಡ ಕೇರಿಯ ಹೋಟೆಲ್ ಕೋಣೆಯಲ್ಲಿ ಒಬ್ಬ ಪೊಲೀಸ್ ಡಿಟೆಕ್ಟಿವ್ ಎಚ್ಚರಗೊಳ್ಳುತ್ತಾನೆ. ಕುಡಿದ ಕುಡಿತಕ್ಕೆ ತನ್ನ ಹೆಸರೂ ಮರೆತಿದೆ. ಹಿತ್ತಲಿನ ಮರದಲ್ಲಿ ಹೆಣ ನೇತಾಡುತ್ತಿದೆ, ಅದನ್ನು ಇಳಿಸಿ ಕೊಲೆಗಾರನನ್ನು ಹಿಡಿಯಬೇಕು.

ಅವನ ತಲೆಯಲ್ಲಿ 24 ಗುಣಗಳಿವೆ, ಒಂದೊಂದೂ ಮಾತಾಡುತ್ತದೆ. ತರ್ಕ ಒಂದು ಹೇಳಿದರೆ ಚಟ ಇನ್ನೊಂದು ಹೇಳುತ್ತದೆ. ಎನ್‌ಸೈಕ್ಲೋಪೀಡಿಯಾ ಎಂಬ ಗುಣವಂತೂ ಯಾರೂ ಕೇಳದ ವಿವರಗಳನ್ನು ತಂದು ಸುರಿಯುತ್ತದೆ. ಯಾವ ದನಿ ನಂಬಬೇಕು ಅನ್ನೋದು ನಮಗೆ ಬಿಟ್ಟದ್ದು. ಎಷ್ಟೋ ಸಲ ಅವು ಪೂರ್ತಿ ವಿಶ್ವಾಸದಿಂದ ತಪ್ಪು ಹೇಳುತ್ತವೆ. ಕಷ್ಟದ ಕೆಲಸಕ್ಕೆ ಕೈಹಾಕಿದರೆ ಅದೊಂದು ಪರೀಕ್ಷೆ, ಎರಡು ದಾಳ ಬೀಳುತ್ತವೆ, ಎರಡೂ ಆರು ಬಿದ್ದರೆ ಗೆಲುವು ಖಚಿತ, ಎರಡೂ ಒಂದು ಬಿದ್ದರೆ ಸೋಲು ಖಚಿತ. ಬಿಳಿ ಪರೀಕ್ಷೆಯಲ್ಲಿ ಸೋತರೆ ಮುಂದೆ ಮತ್ತೆ ಪ್ರಯತ್ನಿಸಬಹುದು. ಕೆಂಪು ಪರೀಕ್ಷೆಗೆ ಒಂದೇ ಅವಕಾಶ. ದೇಹಬಲಕ್ಕೆ ಅಂಕ ಕೊಡದೆ ಶುರು ಮಾಡಿದರೆ, ಮೊದಲ ಕೋಣೆಯಲ್ಲೇ ಫ್ಯಾನಿಗೆ ಸಿಕ್ಕಿಕೊಂಡ ಟೈ ಎಳೆಯಲು ಹೋಗಿ ಹೃದಯಾಘಾತದಿಂದ ಸಾಯಬಹುದು.

ಇಂಥ ಸಾವು ಬಿಟ್ಟರೆ ಈ ಆಟದಲ್ಲಿ ಸೋಲು ಕಥೆಯನ್ನು ನಿಲ್ಲಿಸುವುದಿಲ್ಲ. ಸೋತಾಗ ಬರುವ ಮಾತುಗಳನ್ನು ಗೆದ್ದಾಗಿನ ಮಾತುಗಳಷ್ಟೇ ಪ್ರೀತಿಯಿಂದ ಬರೆದಿದ್ದಾರೆ. ಪೊಲೀಸ್ ಬ್ಯಾಡ್ಜ್ ಕಳೆದುಹೋಗಿದೆ ಎಂದು ಕಾರಿನ ರೇಡಿಯೋದಿಂದ ಠಾಣೆಗೆ ಹೇಳುವ ಸಂದರ್ಭ ನೋಡಿ. ಆ ಕಡೆಯ ಸಹೋದ್ಯೋಗಿಗಳು ಒಬ್ಬೊಬ್ಬರಾಗಿ ಸೇರಿಕೊಂಡು ನಗುತ್ತಾರೆ. ಅದನ್ನು ಕೂತು ಕೇಳಬೇಕು, ಬೇರೆ ದಾರಿಯಿಲ್ಲ. ಪಕ್ಕದಲ್ಲಿ ಜೊತೆಗಾರ ಕಿಮ್ ಕಿತ್ಸುರಾಗಿ ಇದ್ದಾನೆ. ಶಿಸ್ತಿನ ಮನುಷ್ಯ. ದಿನಕ್ಕೆ ಒಂದೇ ಸಿಗರೇಟು, ಅದೂ ರಾತ್ರಿ ನೋಟ್ಸ್ ನೋಡಿಕೊಳ್ಳುವ ಹೊತ್ತಿಗೆ. ನಮ್ಮ ಹುಚ್ಚಾಟ ನೋಡಿ ಅವನು ಬೈಯುವುದು ಕಡಿಮೆ. ಒಮ್ಮೆ ಸುಮ್ಮನಾಗುತ್ತಾನೆ, ಒಮ್ಮೆ ಸಣ್ಣದಾಗಿ ಒಂದು ಮಾತು ಅನ್ನುತ್ತಾನೆ. ಅವನ ಮರ್ಯಾದೆ ಉಳಿಸಿಕೊಳ್ಳಬೇಕು ಎಂಬ ಒಂದೇ ಕಾರಣಕ್ಕೆ ನಾನು ಎಷ್ಟೋ ಡೈಲಾಗ್ ಬದಲಾಯಿಸಿದ್ದೇನೆ. ಯಾವ ಗೇಮ್‌ನ ಯಾವ ಬಹುಮಾನವೂ ನನ್ನಿಂದ ಇಷ್ಟು ಮಾಡಿಸಿಲ್ಲ.

ಹಾಗಂತ ಎಲ್ಲರಿಗೂ ಇದನ್ನು ಕೊಡಲಾರೆ. ಕನ್ನಡದಲ್ಲಿ ಈ ಮೂರೂ ಆಟಗಳಿಲ್ಲ, ಸಬ್‌ಟೈಟಲ್ ಕೂಡ ಇಲ್ಲ. ಉಳಿದೆರಡರಲ್ಲಿ ಒಂದು ಮಾತು ತಪ್ಪಿದರೂ ದೃಶ್ಯ ನೋಡಿ ಊಹಿಸಬಹುದು. ಡಿಸ್ಕೊದಲ್ಲಿ ಆಗುವುದಿಲ್ಲ. ಇಂಗ್ಲಿಷ್ ಗಡುಸಾಗಿದೆ, ಮೇಲೆ ಆ ಲೋಕಕ್ಕೇ ಹುಟ್ಟಿಸಿದ ಇತಿಹಾಸ, ಪಕ್ಷಗಳು, ದೇಶಗಳ ಹೆಸರು. 2021ರ ಫೈನಲ್ ಕಟ್ ಎಂಬ ಹೊಸ ಆವೃತ್ತಿಯಲ್ಲಿ ಎಲ್ಲ ಮಾತಿಗೂ ದನಿ ಕೊಟ್ಟದ್ದರಿಂದ ಹೊರೆ ಸ್ವಲ್ಪ ಇಳಿದಿದೆ. ನಡುಭಾಗದಲ್ಲಿ ಅದೇ ಬೀದಿಯಲ್ಲಿ ಹಿಂದೆ ಮುಂದೆ ಓಡಾಡಿಸುತ್ತದೆ. ನನ್ನ ದೊಡ್ಡ ತಕರಾರು ಕೊಲೆಗಾರನ ಬಗ್ಗೆ. ಅಷ್ಟು ಜನರನ್ನು ವಿಚಾರಿಸಿ, ಅಷ್ಟು ಸುಳಿವು ಕೂಡಿಹಾಕಿದ ಮೇಲೆ, ಅಲ್ಲಿಯವರೆಗೆ ಭೇಟಿಯೇ ಆಗದ ವ್ಯಕ್ತಿ ಕೊನೆಗೆ ಎದುರು ಬರುತ್ತಾನೆ. ಆಟದ ವಿಚಾರಗಳಿಗೆ ಅದು ಸರಿಹೊಂದುತ್ತದೆ, ಒಪ್ಪುತ್ತೇನೆ. ಪತ್ತೆದಾರಿ ಕಥೆಯಾಗಿ ನೋಡಿದರೆ ನಿರಾಸೆಯೇ.

ಇನ್ನು ಬಾಲ್ಡರ್ಸ್ ಗೇಟ್ 3. ಸ್ವಾತಂತ್ರ್ಯದ ಲೆಕ್ಕದಲ್ಲಿ ಉಳಿದೆರಡೂ ಇದರ ಹತ್ತಿರ ಬರುವುದಿಲ್ಲ. ಯಾರ ಜೊತೆ ಬೇಕಾದರೂ ಮಾತಾಡಬಹುದು. ಪ್ರಾಣಿಗಳ ಜೊತೆಗೂ, ಹೆಣಗಳ ಜೊತೆಗೂ. ಬಾಗಿಲು ತೆರೆಯಲು ಕೀಲಿ ಹುಡುಕಬಹುದು, ಬೀಗ ಒಡೆಯಬಹುದು, ಬೆಕ್ಕಾಗಿ ಮಾರ್ಪಟ್ಟು ಸಂದಿಯಲ್ಲಿ ತೂರಬಹುದು. ಪ್ರತಿಯೊಂದಕ್ಕೂ ಯಾರೋ ಕೂತು ಉತ್ತರ ಬರೆದಿಟ್ಟಿದ್ದಾರೆ. ಆ ಶ್ರಮ ನೋಡಿದರೆ ಗೌರವ ಹುಟ್ಟುತ್ತದೆ.

ಜೊತೆಗಾರರಂತೂ ಬಹಳ ಚೆನ್ನ. ಕಾರ್ಲಾಕ್ ಎಂಬ ಹೆಂಗಸಿನ ಎದೆಯಲ್ಲಿ ಹೃದಯದ ಜಾಗದಲ್ಲಿ ನರಕದ ಎಂಜಿನ್ ಉರಿಯುತ್ತಿದೆ. ಮುಟ್ಟಿದವರು ಸುಟ್ಟುಹೋಗುತ್ತಾರೆ, ಹಾಗಾಗಿ ವರ್ಷಗಟ್ಟಲೆ ಅವಳನ್ನು ಯಾರೂ ಮುಟ್ಟಿಲ್ಲ. ಲೋಹ ಹುಡುಕಿ ತಂದು, ಡ್ಯಾಮನ್ ಎಂಬ ಕಮ್ಮಾರನಿಂದ ಎಂಜಿನ್ ರಿಪೇರಿ ಮಾಡಿಸಿದ ಮೇಲೆ ಮೊದಲ ಸಲ ಯಾರನ್ನಾದರೂ ಅಪ್ಪಿಕೊಳ್ಳಲು ಅವಳಿಗೆ ಆಗುತ್ತದೆ. ಅವಳ ಸಂತೋಷ ನೋಡಿದ ಮೇಲೂ ಗೊತ್ತು, ಈ ರಿಪೇರಿ ಬಹಳ ದಿನ ಬಾಳುವುದಿಲ್ಲ. ನರಕಕ್ಕೆ ವಾಪಸ್ ಹೋಗಬೇಕು, ಇಲ್ಲ ಸಾಯಬೇಕು, ಇಲ್ಲ ತಾನೇ ರಾಕ್ಷಸಿಯಾಗಿಬಿಡಬೇಕು. ಎಷ್ಟೇ ಚೆನ್ನಾಗಿ ಆಡಿದರೂ ಆಟ ಇಲ್ಲಿ ಸುಲಭದ ದಾರಿ ಕೊಡಲಿಲ್ಲ. ಅದೇ ಅದರ ಅತ್ಯುತ್ತಮ ಭಾಗ.

ಉಳಿದ ಕಡೆ ಈ ಗಟ್ಟಿತನ ಇಲ್ಲ. ಆರಂಭದಲ್ಲೇ ಬರುವ ಒಂದು ದೃಶ್ಯ ಹೇಳುತ್ತೇನೆ. ಅರಬೆಲ್ಲಾ ಎಂಬ ಪುಟ್ಟ ಹುಡುಗಿ ವಿಗ್ರಹ ಕದ್ದಳು ಎಂದು ಕಾಡನ್ನು ಪೂಜಿಸುವ ಡ್ರೂಯಿಡ್‌ಗಳ ಹಂಗಾಮಿ ಮುಖ್ಯಸ್ಥೆ ಕಾಗಾ ಅವಳ ಮುಂದೆ ಹಾವು ಬಿಟ್ಟಿದ್ದಾಳೆ. ಮಾತಿನಲ್ಲಿ ಒಲಿಸಲು 20 ಮುಖದ ದಾಳ ಉರುಳಿಸಬೇಕು. ಎಷ್ಟು ಬೀಳಬೇಕು ಎಂಬ ಸಂಖ್ಯೆ ಪರದೆಯ ಮೇಲೆ ದೊಡ್ಡದಾಗಿ ಕಾಣುತ್ತದೆ. ಕಡಿಮೆ ಬಿದ್ದರೆ ಹಾವು ಕಚ್ಚಿ ಮಗು ಸಾಯುತ್ತದೆ. ಎಫ್8 ಒತ್ತಿದರೆ ಹಿಂದಿನ ಸೇವ್ ತೆರೆದುಕೊಳ್ಳುತ್ತದೆ, ಮಗು ಮತ್ತೆ ಜೀವಂತ. ಯಾರು ತಾನೆ ಒತ್ತದೇ ಇರುತ್ತಾರೆ? ಒಂದು ಸಲ ಹೀಗೆ ಮಾಡಿದ ಮೇಲೆ ದಾಳದ ಭಯ ಹೋಗುತ್ತದೆ. ಸೋತಾಗ ಏನಾಗುತ್ತದೆ ಎಂದು ಬರೆದಿಟ್ಟ ಎಷ್ಟೋ ದೃಶ್ಯಗಳನ್ನು ಹೆಚ್ಚಿನವರು ನೋಡುವುದೇ ಇಲ್ಲ. ಸೇವ್ ಸೌಲಭ್ಯ ಡಿಸ್ಕೊದಲ್ಲೂ ಇದೆ, ನಿಜ. ಅಲ್ಲಿ ಸೋಲು ಏನೋ ಒಂದನ್ನು ಕೊಟ್ಟು ಹೋಗುತ್ತದೆ, ಅದಕ್ಕೇ ಲೋಡ್ ಮಾಡಬೇಕು ಅನ್ನಿಸುವುದಿಲ್ಲ. ಇಲ್ಲಿ ಸೋಲು ಬಹಳ ಸಲ ಒಂದು ಬಾಗಿಲು ಮುಚ್ಚುತ್ತದೆ, ಅಷ್ಟೇ. ಕೆಟ್ಟವರ ಪಕ್ಷ ಸೇರಿದರೂ ಅದೇ ಕಥೆ. ಗಾಬ್ಲಿನ್ ಎಂಬ ಕುಳ್ಳ ರಾಕ್ಷಸರ ಜೊತೆ ಸೇರಿ ಡ್ರೂಯಿಡ್ ತೋಪಿನ ಮೇಲೆ ದಾಳಿ ಮಾಡಿದರೆ ಕಾರ್ಲಾಕ್, ಇನ್ನೊಬ್ಬ ಜೊತೆಗಾರ ವಿಲ್ ಇಬ್ಬರೂ ಕೈಬಿಡುತ್ತಾರೆ, ಅಲ್ಲಿದ್ದವರ ಮುಂದಿನ ಕಥೆಗಳೂ ಹೋಗುತ್ತವೆ. ಅದಕ್ಕೆ ಬದಲಾಗಿ ಸಿಗುವುದು ಕಡಿಮೆ.

ಆತುರದ ವಿಷಯದಲ್ಲೂ ಕಥೆಗೂ ಆಟಕ್ಕೂ ತಾಳೆಯಾಗುವುದಿಲ್ಲ. ಬಾಲ್ಡರ್ಸ್ ಗೇಟ್‌ನಲ್ಲಿ ನಮ್ಮ ಪಾತ್ರದ ತಲೆಯೊಳಗೆ ಹುಳು ಹೊಕ್ಕಿದೆ, ಕೆಲವೇ ದಿನಗಳಲ್ಲಿ ರಾಕ್ಷಸರಾಗುತ್ತೀರಿ ಎಂದು ಎಲ್ಲರೂ ಹೆದರಿಸುತ್ತಾರೆ. ಅದನ್ನು ನಂಬಿ ಓಡಿದರೆ ನಷ್ಟ ನಮಗೇ. ಜೊತೆಗಾರರ ಒಳ್ಳೊಳ್ಳೆ ಮಾತುಕತೆ ನಡೆಯುವುದು ಶಿಬಿರದಲ್ಲಿ ರಾತ್ರಿ ಮಲಗಿದಾಗ. ಎಷ್ಟು ಮಲಗಿದರೂ ಹುಳು ಏನೂ ಮಾಡುವುದಿಲ್ಲ. ಮೂರನೇ ಅಂಕದ ನಗರವಂತೂ ತುಂಬಿ ತುಳುಕುತ್ತದೆ. ಒಂದು ಬೀದಿ ದಾಟುವಷ್ಟರಲ್ಲಿ ನಾಲ್ಕು ಹೊಸ ಕೆಲಸ ಅಂಟಿಕೊಳ್ಳುತ್ತವೆ, ಮುಖ್ಯ ಕಥೆಯ ಬಿಸಿ ಆರುತ್ತದೆ.

ಈ ಆತುರವನ್ನು ಸರಿಯಾಗಿ ಆಟಕ್ಕೆ ಇಳಿಸಿರುವುದು ಜಪಾನಿನ ಪರ್ಸೋನಾ 5 ರಾಯಲ್. ಟೋಕಿಯೋದ ಹೈಸ್ಕೂಲು ಹುಡುಗನ ಒಂದು ವರ್ಷ. ಕ್ಯಾಲೆಂಡರ್ ಒಂದೊಂದೇ ದಿನ ಸರಿಯುತ್ತದೆ. ಇವತ್ತು ಸಂಜೆ ಗೆಳೆಯನ ಜೊತೆ ಹೋದರೆ ಪಾರ್ಟ್‌ಟೈಮ್ ಕೆಲಸ ಇಲ್ಲ. ಡೈಲಾಗ್‌ನಲ್ಲಿ ಏನು ಆರಿಸಿದರೂ ಮುಖ್ಯ ಕಥೆ ಅಷ್ಟಾಗಿ ಬದಲಾಗದು. ಆದರೆ ಯಾರಿಗೆ ಸಮಯ ಕೊಟ್ಟೆ ಎಂಬ ಲೆಕ್ಕ ಉಳಿಯುತ್ತದೆ. ಬಹಳ ಉದ್ದ, ಹೇಳಿದ್ದನ್ನೇ ಹೇಳುತ್ತದೆ, ಅದಕ್ಕೇ ಮೂರರ ಸಾಲಿಗೆ ಸೇರಿಸಲಿಲ್ಲ.

ನನ್ನ ಮಟ್ಟಿಗೆ ಮೊದಲ ಸ್ಥಾನ ಡಿಸ್ಕೊ ಎಲಿಸಿಯಂಗೆ. ಒಂದೇ ಒಂದು ಕ್ವೆಸ್ಟ್ (ಆಟದೊಳಗೆ ವಹಿಸಿಕೊಳ್ಳುವ ಕೆಲಸ) ಹೆಸರಿಸಿ ಎಂದರೆ ವಿಚರ್‌ನ ಬ್ಯಾರನ್ ಕಥೆ. ಗೆಳೆಯರ ಜೊತೆ ಕೂತು ಆಡಬೇಕು ಎಂದರೆ ಬಾಲ್ಡರ್ಸ್ ಗೇಟ್ ಬಿಟ್ಟು ಬೇರೆ ಹೇಳಲಾರೆ, ನಾಲ್ಕು ಜನ ಒಟ್ಟಿಗೆ ಆಡಬಹುದು. ಅದಕ್ಕೆ 150 ಜಿಬಿ ಜಾಗ ಬೇಕು, ಒಳ್ಳೆ ಗ್ರಾಫಿಕ್ಸ್ ಕಾರ್ಡೂ ಬೇಕು. ಡಿಸ್ಕೊ ಸಾಧಾರಣ ಲ್ಯಾಪ್‌ಟಾಪ್‌ನಲ್ಲೂ ನಡೆಯುತ್ತದೆ. ಹೊಸಬರು ವಿಚರ್‌ನಿಂದ ಶುರು ಮಾಡಲಿ. ಮೊದಲ ಊರು ವೈಟ್ ಆರ್ಚರ್ಡ್ ಸ್ವಲ್ಪ ನಿಧಾನ, ವೆಲೆನ್ ತಲುಪುವವರೆಗೆ ತಾಳ್ಮೆ ಇರಲಿ. ಬಾಲ್ಡರ್ಸ್ ಗೇಟ್ ಆಗಲೇ ಮುಗಿಸಿದವರು ಇನ್ನೊಂದು ಸಲ ಮೊದಲ ಅಂಕವನ್ನಾದರೂ ಎಫ್8 ಮುಟ್ಟದೆ ಆಡಿ ನೋಡಿ. ಒಂದೇ ಸೇವ್ ಇರುವ ಆನರ್ ಮೋಡ್ ಇದೆ. ಆದರೆ ಅದರಲ್ಲಿ ಯುದ್ಧಗಳೂ ಕಠಿಣವಾಗುತ್ತವೆ, ಕಥೆಗಾಗಿ ಆಡುವವರಿಗೆ ಅದು ಬೇಡ. ಸಾಧಾರಣ ಮಟ್ಟ ಇಟ್ಟುಕೊಂಡು, ದಾಳ ಬಿದ್ದದ್ದನ್ನು ಬಿದ್ದ ಹಾಗೇ ಒಪ್ಪಿಕೊಂಡು ಮುಂದೆ ಹೋದರೆ ಸಾಕು.