ಎಮರ್ಸನ್ ಮೊದಲೋ, ಥೋರೋ ಮೊದಲೋ?

ಅಮೆರಿಕದ ಕಾಂಕರ್ಡ್ ಊರಿನ ಈ ಇಬ್ಬರು ಲೇಖಕರಲ್ಲಿ ಯಾರಿಂದ ಓದು ಶುರು ಮಾಡಬೇಕು?

ಕೈಯಲ್ಲಿ ಒಂದು ಸಂಜೆ ಮಾತ್ರ ಇದ್ದರೆ ಎಮರ್ಸನ್‌ನ ‘ಸೆಲ್ಫ್ ರಿಲಯನ್ಸ್’ (1841). ನಿನ್ನನ್ನು ನೀನು ನಂಬು, ನಾಲ್ಕು ಜನ ಏನಂತಾರೋ ಅಂತ ಹೆದರಬೇಡ ಅನ್ನುವ ಪ್ರಬಂಧ. ಪುಟಪುಟದಲ್ಲೂ ಗೆರೆ ಎಳೆದುಕೊಳ್ಳುವಂಥ ಸಾಲುಗಳಿವೆ. ಆದರೆ ಒಂದು ಸಾಲಿಗೂ ಮುಂದಿನದಕ್ಕೂ ನಂಟು ಹುಡುಕುವಷ್ಟರಲ್ಲಿ ಸುಸ್ತಾಗುತ್ತದೆ. ಬಡವರಿಗೆ ನೆರವಾಗು ಅಂದರೆ ‘ಅವರೇನು ನನ್ನ ಬಡವರೇ?’ ಅಂತ ಕೇಳುವ ಕಡೆ ಎಷ್ಟೋ ಓದುಗರಿಗೆ ಇರುಸುಮುರುಸು. ನನಗೂ ಅಷ್ಟೇ.

ಥೋರೋನ ‘ವಾಲ್ಡನ್’ (1854), ವಾಲ್ಡನ್ ಕೊಳದ ದಡದ ಕಾಡಿನಲ್ಲಿ ತಾನೇ ಮನೆ ಕಟ್ಟಿಕೊಂಡು ಬದುಕಿದ ಕಥೆ. ದೊಡ್ಡದು, ನಿಧಾನ. ಮೊದಲ ಅಧ್ಯಾಯದಲ್ಲೇ ಅನೇಕರು ಪುಸ್ತಕ ಮುಚ್ಚಿಡುತ್ತಾರೆ. ಆದರೆ ಇಲ್ಲಿ ಕಣ್ಣಿಗೆ ಕಟ್ಟುವ ಸಂಗತಿ ಜಾಸ್ತಿ. ಹಲಗೆ, ಮೊಳೆ, ಸುಣ್ಣ ಎಲ್ಲಕ್ಕೂ ಲೆಕ್ಕ ಬರೆದು, ಮನೆಗೆ ಆದ ಖರ್ಚು 28 ಡಾಲರ್ 12½ ಸೆಂಟ್ ಅನ್ನುತ್ತಾನೆ! ಚಳಿಗಾಲದಲ್ಲಿ ಕೊಳದ ಮಂಜುಗಡ್ಡೆ ಕೊಯ್ಯುವವರನ್ನು ನೋಡುತ್ತಾ, ಹಡಗಿನಲ್ಲಿ ಸಾಗಿಹೋಗುವ ಈ ನೀರನ್ನು ಮದ್ರಾಸು, ಬೊಂಬಾಯಿ, ಕಲ್ಕತ್ತೆಯವರು ಕುಡಿಯುತ್ತಾರೆ ಅಂತ ಬರೆಯುತ್ತಾನೆ. ಅದೇ ಉಸಿರಲ್ಲಿ ಭಗವದ್ಗೀತೆಯ ಮಾತು. ಈ ಪುಟಕ್ಕಾಗಿಯೇ ಓದಬಹುದು.

ಕಾಡು ಅಂದರೂ ಊರಿಗೆ ನಡೆದು ಹೋಗುವಷ್ಟೇ ದೂರ, ಜಾಗವೂ ಎಮರ್ಸನ್‌ದು ಅಂತ ಗೇಲಿ ಮಾಡುವವರಿದ್ದಾರೆ. ಥೋರೋ ಊರಿಗೆ ಹೋಗಿಬರುವುದನ್ನು ಮುಚ್ಚಿಟ್ಟಿಲ್ಲ, ಅಲ್ವಾ?

ಕವಿತೆಯೇ ಬೇಕೆಂದರೆ ಎಮರ್ಸನ್‌ನ ‘ಬ್ರಹ್ಮ’ (1857), ಬರೀ 16 ಸಾಲು. ಆಗಿನ ಅಮೆರಿಕನ್ನರಿಗೆ ಅರ್ಥವಾಗದೆ ಅಣಕು ಪದ್ಯಗಳನ್ನು ಕಟ್ಟಿದರು. ಕೊಂದೆ ಅಂದುಕೊಂಡವನೂ ಸತ್ತೆ ಅಂದುಕೊಂಡವನೂ ತಿಳಿದವರಲ್ಲ ಅನ್ನುವ ಗೀತೆಯ ಮಾತು ಗೊತ್ತಿದ್ದವರಿಗೆ ಇದು ಸಲೀಸು. ಅಂಥವರು ಇದರಿಂದಲೇ ಶುರು ಮಾಡಿ, ಆಮೇಲೆ ‘ವಾಲ್ಡನ್’ ಹಿಡಿಯಿರಿ.