ಜನೌಷಧಿ ಕೇಂದ್ರ: ಬಿಲ್ಲು ಇಳಿಯುತ್ತೆ, ಸ್ಟ್ರಿಪ್ ಓದಲು ಬಂದರೆ

ಬಿಪಿ, ಶುಗರ್ ಅಂತ ತಿಂಗಳು ತಿಂಗಳು ಮಾತ್ರೆ ಕೊಳ್ಳುವ ಮನೆಗಳಿಗೆ ಕೇಂದ್ರ ಸರ್ಕಾರದ ಯೋಜನೆಯ ಅಗ್ಗದ ಔಷಧಿ ಅಂಗಡಿಯಾದ ಜನೌಷಧಿ ಕೇಂದ್ರ ನಿಜಕ್ಕೂ ಲಾಭ. ಹೆಸರಾಂತ ಬ್ರ್ಯಾಂಡುಗಳಿಗಿಂತ ಬೆಲೆ ಸಾಮಾನ್ಯವಾಗಿ ಶೇ 50ರಿಂದ 90ರಷ್ಟು ಕಡಿಮೆ. ಸುವಿಧಾ ಸ್ಯಾನಿಟರಿ ಪ್ಯಾಡ್ ಒಂದಕ್ಕೆ 1 ರೂಪಾಯಿ.

ಎಡವಟ್ಟಾಗುವುದು ಚೀಟಿಯಲ್ಲಿ. ಡಾಕ್ಟರು ಬರೆಯುವುದು ಬ್ರ್ಯಾಂಡ್ ಹೆಸರು. ಇಲ್ಲಿ ಮಾರುವುದು ಜೆನೆರಿಕ್, ಅಂದರೆ ಬ್ರ್ಯಾಂಡ್ ಹೆಸರಿಲ್ಲದೆ ಒಳಗಿನ ಔಷಧಿಯ ಹೆಸರಿನಲ್ಲೇ ಸಿಗುವ ಮಾತ್ರೆ. ಹಾಗಾಗಿ ಚೀಟಿಯ ಜೊತೆ ಹಳೆಯ ಸ್ಟ್ರಿಪ್ಪನ್ನೂ ಒಯ್ಯಿರಿ. ಅದರ ಮೇಲಿನ ಸಣ್ಣಕ್ಷರದಲ್ಲಿ ‘ಟೆಲ್ಮಿಸಾರ್ಟನ್ 40 ಮಿ.ಗ್ರಾಂ.’ ಎಂಬಂತೆ ಅಸಲಿ ಹೆಸರು, ಪ್ರಮಾಣ ಇರುತ್ತದೆ. ಒಂದೇ ಮಾತ್ರೆಯಲ್ಲಿ ಎರಡು ಔಷಧಿ ಇದ್ದರೆ ಎರಡರ ಪ್ರಮಾಣವೂ ಹೊಂದಬೇಕು. ಶುಗರಿನ ಮಾತ್ರೆಗೆ ‘ಮೆಟ್‌ಫಾರ್ಮಿನ್ 500’ ಅಂದರೆ ಸಾಲದು, ಹೆಸರಿನ ಜೊತೆ ‘ಎಸ್‌ಆರ್’ ಎಂದಿದೆಯೋ ಇಲ್ಲವೋ ನೋಡಿ. ಎಸ್‌ಆರ್ ನಿಧಾನವಾಗಿ ಕರಗುತ್ತದೆ; ಅದರ ಬದಲು ಸಾದಾ ಮಾತ್ರೆ ನುಂಗಿದರೆ ಹೊಟ್ಟೆ ಕೆಡುವುದು ಹೆಚ್ಚು. ಎಸ್‌ಆರ್ ಮಾತ್ರೆಯನ್ನು ಪುಡಿ ಮಾಡಲೂಬಾರದು. ಥೈರಾಯ್ಡ್ ಮಾತ್ರೆಯ ಕಂಪನಿ ಬದಲಾಗುವುದಾದರೆ ಡಾಕ್ಟರಿಗೆ ತಿಳಿಸಿ, 6–8 ವಾರ ಬಿಟ್ಟು ಥೈರಾಯ್ಡ್‌ನ ರಕ್ತಪರೀಕ್ಷೆಯಾದ ಟಿಎಸ್‌ಎಚ್ ಮಾಡಿಸಿ.

ಅಗ್ಗ ಅಂದರೆ ಕಳಪೆ ಎಂಬ ಗುಮಾನಿಗೆ ಅರ್ಥವಿಲ್ಲ. ಜಾಹೀರಾತು, ಮೆಡಿಕಲ್ ರೆಪ್‌ಗಳ ಖರ್ಚು ಇಲ್ಲಿಲ್ಲ. ಪ್ರತಿ ಬ್ಯಾಚೂ ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬಿನಲ್ಲಿ ಪರೀಕ್ಷೆಯಾಗಬೇಕೆಂಬ ನಿಯಮವಿದೆ.

ದೊಡ್ಡ ಕೊರತೆ ಸ್ಟಾಕಿನದ್ದು. ಅಪರೂಪದ ಕಾಂಬಿನೇಷನ್‌ಗಳು ಸಿಗದೇ ಹೋಗಬಹುದು. ‘ಜನೌಷಧಿ ಸುಗಮ್’ ಆ್ಯಪ್‌ನಲ್ಲಿ ಹತ್ತಿರದ ಕೇಂದ್ರ, ಬೆಲೆ ನೋಡಿ, ಫೋನ್ ಮಾಡಿಯೇ ಹೊರಡಿ. ಮನೆಯಲ್ಲಿ ವಾರಕ್ಕಾಗುವಷ್ಟು ಮಾತ್ರೆ ಉಳಿದಿರುವಾಗಲೇ.