ದೇವಿಮನೆ ಘಟ್ಟದಲ್ಲಿ ಟ್ಯೂನ್ ಆದ ನಮ್ಮ ಯಜ್ಡಿ

ಶಿರಸಿಯ ಈ ಗ್ಯಾರೇಜಿನ ಹೆಸರು ಬರೆಯುತ್ತಿಲ್ಲ. ಮೇಸ್ತ್ರಿ ಒಬ್ಬರೇ ಕೆಲಸ ಮಾಡುವವರು. "ಹೆಸರು ಹಾಕಿದ್ರೆ ಗಾಡಿ ಜಾಸ್ತಿ ಬರ್ತವೆ, ಕೆಲಸ ಕೆಡ್ತದೆ" ಎಂದರು. ಊರಲ್ಲಿ ಜಾವಾ, ಯಜ್ಡಿಯಂಥ ಹಳೇ ಬೈಕ್ ಇಟ್ಟುಕೊಂಡವರನ್ನು ಕೇಳಿದರೆ ದಾರಿ ತೋರಿಸುತ್ತಾರೆ.

ನನ್ನದು 1984ರ ಯಜ್ಡಿ ರೋಡ್‌ಕಿಂಗ್. ಅಪ್ಪ ಕುಮಟಾದಲ್ಲಿ ಓಡಿಸುತ್ತಿದ್ದ ಗಾಡಿ. ಇದನ್ನು ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು, ಹಾಗಾಗಿ ಪಾರ್ಟ್ ಹುಡುಕುವುದರಲ್ಲೇ ಅರ್ಧ ಕಾಲ ಹೋಗುತ್ತದೆ. ಕಡಲ ಗಾಳಿಗೆ ಎರಡೂ ಸೈಲೆನ್ಸರ್ ತೂತಾಗಿದ್ದವು. ಹೋದ ವರ್ಷ ಬೇರೊಂದು ಕಡೆ ಬೋರ್ ಮಾಡಿಸಿದ್ದೆ, ಅಂದರೆ ಸವೆದ ಸಿಲಿಂಡರ್ ಕೊರೆಸಿ ದೊಡ್ಡ ಪಿಸ್ಟನ್ ಹಾಕಿಸಿದ್ದೆ. ಮೂವತ್ತು ಕಿಲೋಮೀಟರ್ ಆಗುವುದರೊಳಗೆ ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿ ಹಿಡಿದು ಹಿಂದಿನ ಚಕ್ರ ಲಾಕ್ ಆಯಿತು. ಆ ಹೆದರಿಕೆ ಇನ್ನೂ ಇತ್ತು.

ಈ ಮೇಸ್ತ್ರಿ ಕಿಡಿಯ ಹೊತ್ತು ಹೊಂದಿಸುವ ಪಾಯಿಂಟಿನ ಗ್ಯಾಪ್ 0.4 ಮಿಮೀ ಇಟ್ಟು, ಆ ಸಂದು ಅಳೆಯುವ ಫೀಲರ್ ಗೇಜನ್ನು ನನ್ನ ಕೈಗೇ ಕೊಟ್ಟು ನೋಡಿಸಿದರು. "500 ಕಿಲೋಮೀಟರ್ ವರೆಗೆ ಐವತ್ತರ ಮೇಲೆ ಹೋಗ್ಬೇಡಿ. ಲೀಟರ್ ಪೆಟ್ರೋಲಿಗೆ 40 ಎಂಎಲ್ ಆಯಿಲ್. ಆಮೇಲೆ ಬನ್ನಿ, ಘಟ್ಟ ಇಳಿಯುವ."

ಹಾಗೇ ಒಂದು ಭಾನುವಾರ ಹೊರಟೆವು. ನಾನು ಓಡಿಸುವುದು, ಅವರು ಹಿಂದೆ ಕೂತು ಸದ್ದು ಕೇಳುವುದು. ಅವರ ಮಡಿಲಲ್ಲಿ ಒಂದು ಚೀಲ, ಅದರೊಳಗೆ ಸ್ಪ್ಯಾನರು, ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಜೆಟ್ಟುಗಳು. ಶಿರಸಿಯಿಂದ ಕುಮಟಾಕ್ಕೆ ಹೋಗುವ ದಾರಿಯ ದೇವಿಮನೆ ಘಟ್ಟ ಇಳಿಯುವಾಗ ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟಿದ್ದೆ. ಹೆಗಲು ತಟ್ಟಿದರು. ಇಂಥ ಟು ಸ್ಟ್ರೋಕ್ ಇಂಜಿನ್ನಿಗೆ ಆಯಿಲ್ ಬರುವುದೇ ಪೆಟ್ರೋಲಿನ ಜೊತೆ, ಆಕ್ಸಿಲರೇಟರ್ ಮುಚ್ಚಿದರೆ ಆಯಿಲೂ ಬಂದ್. ತಿರುವಿಗೊಮ್ಮೆ ಕ್ಲಚ್ ಹಿಡಿದು ಸ್ವಲ್ಪ ರೇಸ್ ಕೊಡಬೇಕಂತೆ. ಇಷ್ಟು ವರ್ಷ ಯಾರೂ ನನಗೆ ಇದನ್ನು ಹೇಳಿರಲಿಲ್ಲ.

ಕುಮಟಾ ಮುಟ್ಟುವಾಗ ಆಕ್ಸಿಲರೇಟರ್ ಬಿಟ್ಟರೂ ಸದ್ದು ತಡವಾಗಿ ಇಳಿಯುತ್ತಿತ್ತು. ಕೆಳಗಿನ ಗಾಳಿ ದಪ್ಪ, ಪೆಟ್ರೋಲ್ ಸಾಲುತ್ತಿಲ್ಲ ಎಂದು ಕಾರ್ಬುರೇಟರಿಗೆ ಹೋಗುವ ಗಾಳಿ ಹೊಂದಿಸುವ ಏರ್ ಸ್ಕ್ರೂ ಕಾಲು ಸುತ್ತು ಒಳಗೆ ತಿರುಗಿಸಿದರು. ಸರಿಹೋಯಿತು.

ನಿಜವಾದ ಪರೀಕ್ಷೆ ಇದ್ದದ್ದು ವಾಪಸ್ ಹತ್ತುವಾಗ. ಏರಿನಲ್ಲಿ ಫುಲ್ ಆಕ್ಸಿಲರೇಟರ್ ಹಿಡಿಸಿ, "ಈಗ!" ಎಂದರು. ಕ್ಲಚ್ ಒತ್ತಿ, ಕೀ ಆಫ್ ಮಾಡಿ, ಬದಿಗೆ ನಿಲ್ಲಿಸಿದೆ. ಬಟ್ಟೆ ಸುತ್ತಿ, ಬಣ್ಣ ನೋಡಲು ಸ್ಪಾರ್ಕ್ ಪ್ಲಗ್ ಬಿಚ್ಚಿದರು. ತುದಿಯ ಪಿಂಗಾಣಿ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ಅಂದರೆ ಪೆಟ್ರೋಲ್ ಕಮ್ಮಿ, ಇಂಜಿನ್ ವಿಪರೀತ ಬಿಸಿಯಾಗುತ್ತಿದೆ. ಹೀಗೇ ಓಡಿಸಿದ್ದರೆ ಮತ್ತೆ ಪಿಸ್ಟನ್ ಹಿಡಿಯುತ್ತಿತ್ತು, ಅಲ್ವಾ? ಅಲ್ಲೇ ಕಾರ್ಬುರೇಟರ್ ಬಿಚ್ಚಿ ಒಂದು ಸೈಜ್ ದೊಡ್ಡ ಮೇನ್ ಜೆಟ್ ಹಾಕಿದರು. ಕೆಳಗೆ ಹೋಗಿ ಮತ್ತೆ ಹತ್ತಿದೆವು. ಈ ಸಲ ಪ್ಲಗ್ ಒಣ ಅಡಿಕೆ ಸಿಪ್ಪೆಯ ಬಣ್ಣಕ್ಕೆ ಬಂದಿತ್ತು, ಅಂದರೆ ಪೆಟ್ರೋಲ್ ಸರಿಯಾಗಿದೆ. ಮೇಸ್ತ್ರಿ ಅದನ್ನು ಬಿಸಿಲಿಗೆ ಹಿಡಿದು ಎರಡೆರಡು ಸಲ ನೋಡಿದರು, ನನಗೂ ತೋರಿಸಿದರು. ರಾಗಿಹೊಸಳ್ಳಿಯಲ್ಲಿ ಕಷಾಯ ಕುಡಿಯುವಾಗಲೂ ಅದೇ ಮಾತು.

ಕೊರತೆಯೂ ಇದೆ. ಎರಡು ತಿಂಗಳು ಎಂದವರು ನಾಲ್ಕು ತಿಂಗಳು ತೆಗೆದುಕೊಂಡರು. ವೈರಿಂಗ್ ಅವರ ಕೈಗೆ ಅಷ್ಟು ಒಗ್ಗಿಲ್ಲ, ಹೆಡ್‌ಲೈಟ್ ಇನ್ನೂ ಮಂಕು. ಆದರೆ ಇಂಜಿನ್ ಕೆಲಸಕ್ಕೆ ಕಣ್ಣು ಮುಚ್ಚಿ ಕೊಡಬಹುದು. ಮಳೆಗಾಲ ಶುರುವಾಗುವಾಗಲೇ ಗಾಡಿ ಬಿಟ್ಟುಬನ್ನಿ. ಘಟ್ಟದ ರಸ್ತೆ ಒಣಗದೆ ಅವರು ಟ್ರಯಲ್ ನೋಡುವುದಿಲ್ಲ, ಟ್ರಯಲ್ ಆಗದೆ ಕೆಲಸ ಮುಗಿಯಿತು ಅನ್ನುವುದೂ ಇಲ್ಲ.